ಶಾಲೆಯಲ್ಲಿ ಎಇಡಿ ಇದೆ, ಬೀಗದ ಕೈ ಯಾರ ಹತ್ತಿರ?

ಮೈದಾನದ ಮೇಷ್ಟ್ರು:

ನಾನು 13 ವರ್ಷದಿಂದ ಪಿಟಿ ಮೇಷ್ಟ್ರು. ಹೋದ ಶುಕ್ರವಾರ ನಮ್ಮ ಶಾಲೆಯಲ್ಲಿ ಮೊದಲ ಸಲ ಒಂದು ಮಾಕ್ ಡ್ರಿಲ್ ಮಾಡಿದೆವು. ಬೆಂಕಿಯದಲ್ಲ. ಆಡುತ್ತಿರುವ ಹುಡುಗ ದಿಢೀರ್ ಅಂತ ಬಿದ್ದು ಅವನ ಹೃದಯ ನಿಂತುಹೋದರೆ ನಾವೆಲ್ಲ ಏನು ಮಾಡುತ್ತೇವೆ ಅನ್ನುವುದರ ಡ್ರಿಲ್. ಮೈದಾನದ ಆ ಕೊನೆಯಲ್ಲಿ, ಗೋಲ್ ಕಂಬದ ಹಿಂದೆ, ಒಂದು ಗೊಂಬೆ ಮಲಗಿಸಿ ಸ್ಟಾಪ್‌ವಾಚ್ ಒತ್ತಿದೆ. ಎಇಡಿ ಪೆಟ್ಟಿಗೆ, ಅಂದರೆ ನಿಂತ ಹೃದಯಕ್ಕೆ ಶಾಕ್ ಕೊಡುವ ಮೆಷಿನ್, ಗೊಂಬೆಯ ಪಕ್ಕಕ್ಕೆ ಬಂದಾಗ 7 ನಿಮಿಷ 20 ಸೆಕೆಂಡ್ ಆಗಿತ್ತು.

ಏನೇನಾಯಿತು ಅಂತ ಹೇಳಿಬಿಡುತ್ತೇನೆ. ಒಬ್ಬ ಹುಡುಗನನ್ನು ಓಡಿಸಿದೆವು, ಅವನು ಸ್ಟಾಫ್ ರೂಮಿಗೆ ಹೋದ, ಅಲ್ಲಿ ಯಾರೂ ಇರಲಿಲ್ಲ. ಅಲ್ಲಿಂದ ಆಫೀಸಿಗೆ ಓಡಿದ. ಪೆಟ್ಟಿಗೆ ಕಬ್ಬಿಣದ ಬೀರುವಿನೊಳಗೆ ಇತ್ತು. ಬೀರುವಿಗೆ ಬೀಗ. ಬೀಗದ ಕೈ ಇಟ್ಟುಕೊಂಡವರು ಯಾವುದೋ ಕಾಗದಕ್ಕೆ ಸಹಿ ಹಾಕಿಸಲು ಮೇಲಿನ ಮಹಡಿಗೆ ಹೋಗಿದ್ದರು. ಅವರನ್ನು ಹುಡುಕಿ, ಬೀಗ ತೆಗೆಸಿ, ಪೆಟ್ಟಿಗೆ ಹೊತ್ತುಕೊಂಡು ಹುಡುಗ ವಾಪಸ್ ಓಡಿ ಬಂದ, ಪಾಪ, ಅಳು ಬರುವ ಹಾಗಿತ್ತು ಅವನ ಮುಖ. ಅಷ್ಟು ಹೊತ್ತು ಗೊಂಬೆಯ ಎದೆ ಒತ್ತುತ್ತಿದ್ದದ್ದು ನನ್ನ ಸಹೋದ್ಯೋಗಿ ಒಬ್ಬರೇ. ಮೂರನೇ ನಿಮಿಷಕ್ಕೇ ಅವರ ಕೈ ಸೋತಿತ್ತು. ಇನ್ನೊಂದು ವಿಷಯ ಡ್ರಿಲ್ ಮುಗಿದ ಮೇಲೆ ಗೊತ್ತಾಯಿತು. ಆಂಬುಲೆನ್ಸಿಗೆ ಫೋನ್ ಮಾಡುವ ಹಾಗೆ ನಟಿಸಬೇಕಿತ್ತು, ಅದನ್ನು ಯಾರೂ ಮಾಡಿರಲಿಲ್ಲ. ಎಲ್ಲರೂ ಬೇರೆ ಯಾರೋ ಮಾಡಿರುತ್ತಾರೆ ಅಂದುಕೊಂಡಿದ್ದರು.

ಹೃದಯ ನಿಂತವರಿಗೆ ಸಿಪಿಆರ್ (ಎದೆ ಒತ್ತುವುದು, ಉಸಿರು ಕೊಡುವುದು) ಮತ್ತು ಶಾಕ್ ಸಿಗದೆ ಹೋದರೆ ಪ್ರತಿ ನಿಮಿಷಕ್ಕೂ ಬದುಕುವ ಸಾಧ್ಯತೆ ಸುಮಾರು 7ರಿಂದ 10 ಶೇಕಡಾ ಕಡಿಮೆಯಾಗುತ್ತಾ ಹೋಗುತ್ತದೆ. ಆಮ್ಲಜನಕ ಇಲ್ಲದೆ 4ರಿಂದ 6 ನಿಮಿಷದಲ್ಲಿ ಮೆದುಳಿಗೆ ಪೆಟ್ಟು ಬೀಳಲು ಶುರುವಾಗುತ್ತದೆ. ನಮ್ಮದು 7 ನಿಮಿಷ 20 ಸೆಕೆಂಡ್. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಗೋಲ್ ಕಂಬದ ಹಿಂದೆ ಇದ್ದದ್ದು ಗೊಂಬೆ, ಆದರೆ ದಿನಾ ಅಲ್ಲಿ ಆಡುವುದು ನನ್ನ ಮಕ್ಕಳು.

ನಿಮ್ಮ ಶಾಲೆಗಳಲ್ಲಿ ಇದಕ್ಕೆ ಪ್ಲಾನ್ ಇದೆಯಾ? ಕಾಗದದ ಮೇಲೆ ಅಲ್ಲ, ನಿಜವಾಗಿ ಓಡಿ ನೋಡಿದ್ದೀರಾ?

ಎರಡು ಮಕ್ಕಳ ಅಮ್ಮ:

ಮೇಷ್ಟ್ರೇ, ಓದುತ್ತಾ ಎದೆ ಝಲ್ ಅಂದಿತು. ನನ್ನ ದೊಡ್ಡ ಮಗಳಿಗೆ ಲಾಂಗ್ ಕ್ಯೂಟಿ ಅನ್ನುವ ತೊಂದರೆ ಇದೆ. ಹೃದಯದ ಕರೆಂಟಿನಲ್ಲಿ ಬರುವ ದೋಷ, ನೋಡಲು ಹುಡುಗಿ ಆರೋಗ್ಯವಾಗಿಯೇ ಇರುತ್ತಾಳೆ. ಗೊತ್ತಾಗಿದ್ದು ಅವಳು 11 ವರ್ಷದವಳಿದ್ದಾಗ. ಅದಕ್ಕೆ ಮುಂಚೆ ಎರಡು ಸಲ ಈಜುವಾಗ ಪ್ರಜ್ಞೆ ತಪ್ಪಿದ್ದಳು. ಮೊದಲ ಸಲ "ಏನೂ ತಿಂದಿರಲಿಲ್ಲ, ಸುಸ್ತಾಗಿದೆ" ಅಂದರು. ಎರಡನೇ ಸಲ "ಹೆದರಿಕೊಂಡಿದ್ದಾಳೆ" ಅಂದರು. ನಾವೂ ನಂಬಿದೆವು. ಮೂರನೇ ವೈದ್ಯರು ನನ್ನನ್ನು ಕೂರಿಸಿ ಕೇಳಿದ್ದು ಒಂದೇ ಪ್ರಶ್ನೆ: ನಿಮ್ಮ ಮನೆಯಲ್ಲಿ ಚಿಕ್ಕ ವಯಸ್ಸಿಗೇ ಯಾರಾದರೂ ಇದ್ದಕ್ಕಿದ್ದ ಹಾಗೆ ತೀರಿಕೊಂಡಿದ್ದಾರಾ? ನನ್ನ ಚಿಕ್ಕಪ್ಪ, 32 ವರ್ಷಕ್ಕೆ, ನೀರಲ್ಲಿ ಮುಳುಗಿ ಹೋದರು ಅಂತಲೇ ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದರು. ಒಳ್ಳೆ ಈಜುಗಾರ ಅವರು. ಆವತ್ತೇ ಇಸಿಜಿ ಮಾಡಿಸಿದರು.

ಎಲ್ಲ ಅಪ್ಪ ಅಮ್ಮಂದಿರಿಗೂ ಕೈ ಮುಗಿದು ಹೇಳುತ್ತೇನೆ. ಆಟದ ಮಧ್ಯೆ ಅಥವಾ ಓಡುವಾಗ ಮಗು ಪ್ರಜ್ಞೆ ತಪ್ಪಿದರೆ, ದೊಡ್ಡ ಸದ್ದಿಗೆ ಬೆಚ್ಚಿ ಬಿದ್ದು ಪ್ರಜ್ಞೆ ಹೋದರೆ, ಆಡುವಾಗ ಎದೆ ನೋವು ಅಂದರೆ, ಸುಮ್ನೆ ಬಿಡಬೇಡಿ. ಬಿಸಿಲಲ್ಲಿ ನಿಂತು ತಲೆ ಸುತ್ತಿ ಬೀಳುವುದು ಬೇರೆ, ಓಡುತ್ತಾ ಓಡುತ್ತಾ ಬೀಳುವುದು ಬೇರೆ. ಓಡುತ್ತಾ ಬಿದ್ದರೆ ಹೃದಯದ ವೈದ್ಯರು ನೋಡಲೇಬೇಕು, ಅಲ್ಲಿಯವರೆಗೂ ಆಟಕ್ಕೆ ಕಳಿಸಬಾರದು.

ಮಗಳ ವಿಷಯ ಶಾಲೆಗೆ ಹೇಳಿದಾಗ ಅವರು ಏನು ಮಾಡಿದರು ಗೊತ್ತಾ? ಒಂದು ಫಾರಂ ತುಂಬಿಸಿಕೊಂಡು ಫೈಲಿಗೆ ಹಾಕಿದರು, ಅಷ್ಟೇ. ಮುಂದಿನ ವರ್ಷದ ಕ್ಲಾಸ್ ಟೀಚರಿಗೆ ಅದು ಗೊತ್ತೇ ಇರಲಿಲ್ಲ.

ಲೆಕ್ಕ ಕೇಳುವವನು:

ಯಾರ ಮನಸ್ಸೂ ನೋಯಿಸಬೇಕು ಅಂತಲ್ಲ, ಆದರೆ ಕೇಳಲೇಬೇಕು. ಮಕ್ಕಳಿಗೆ ಹೃದಯಾಘಾತ ಆಗುವುದು ತೀರಾ ಅಪರೂಪ ಅಲ್ವಾ? ಶಾಲೆಗೆ ಇರುವ ದುಡ್ಡೇ ಕಡಿಮೆ. ಮೆಷಿನ್, ತರಬೇತಿ, ಡ್ರಿಲ್, ಅದಕ್ಕೊಂದು ಕಮಿಟಿ. ಟೀಚರುಗಳ ತಲೆ ಮೇಲೆ ಈಗಾಗಲೇ ಎಷ್ಟು ಕೆಲಸ ಇದೆ. ನಮ್ಮ ಆಡಳಿತ ಮಂಡಳಿಯಲ್ಲಿ ನಾನು ಖರ್ಚಿನ ಲೆಕ್ಕ ನೋಡುತ್ತೇನೆ, ಈ ಪ್ರಶ್ನೆ ಅಲ್ಲಿ ಬಂದೇ ಬರುತ್ತದೆ, ಏನು ಹೇಳಲಿ?

ಆಂಬುಲೆನ್ಸ್ ಡ್ಯೂಟಿ:

ಲೆಕ್ಕದ ಸರ್, ಮೊದಲು ಒಂದು ಪದ ಸರಿ ಮಾಡಿಕೊಳ್ಳೋಣ. ಹೃದಯಾಘಾತ ಬೇರೆ, ಹೃದಯ ಸ್ತಂಭನ ಬೇರೆ. ಹೃದಯಾಘಾತ ಅಂದರೆ ಹೃದಯಕ್ಕೆ ರಕ್ತ ಕೊಡುವ ನಾಳ ಕಟ್ಟಿಕೊಳ್ಳುವುದು. ನಲ್ಲಿ ಪೈಪಿನ ತೊಂದರೆ ಇದ್ದ ಹಾಗೆ. ಆ ವ್ಯಕ್ತಿಗೆ ಸಾಮಾನ್ಯವಾಗಿ ಎಚ್ಚರ ಇರುತ್ತದೆ, ಮಾತಾಡುತ್ತಾರೆ, ನೋವು ಅನ್ನುತ್ತಾರೆ. ಹೃದಯ ಸ್ತಂಭನ ಕರೆಂಟಿನ ತೊಂದರೆ. ಹೃದಯ ಬಡಿಯುವ ಬದಲು ಅದುರುತ್ತಾ ನಿಲ್ಲುತ್ತದೆ, ರಕ್ತ ಮುಂದೆ ಹೋಗುವುದಿಲ್ಲ, ಕೆಲವೇ ಸೆಕೆಂಡಿನಲ್ಲಿ ಪ್ರಜ್ಞೆ ಹೋಗುತ್ತದೆ. ಎಇಡಿ ಕೊಡುವ ಶಾಕ್ ಆ ಅದುರಾಟವನ್ನು ನಿಲ್ಲಿಸುತ್ತದೆ, ಆಮೇಲೆ ಹೃದಯ ತನ್ನ ಲಯ ಹಿಡಿಯಲು ಅವಕಾಶ ಸಿಗುತ್ತದೆ. ಶಾಲೆಗೆ ಪ್ಲಾನ್ ಬೇಕಿರುವುದು ಇದಕ್ಕೆ.

ಅಪರೂಪ ನಿಜ. ಆದರೆ ಶಾಲೆಯಲ್ಲಿ ಬೀಳುವವರು ಮಕ್ಕಳು ಮಾತ್ರ ಅಲ್ಲ. ಟೀಚರುಗಳು ಇರುತ್ತಾರೆ, ಬಸ್ ಡ್ರೈವರುಗಳು, ಆಯಾಗಳು, ವಾರ್ಷಿಕೋತ್ಸವಕ್ಕೆ ಬಂದ ಅಜ್ಜ ಅಜ್ಜಿಯರು. ನಾನು ಶಾಲೆಗಳಿಗೆ ಹೋದ ಕರೆಗಳಲ್ಲಿ ದೊಡ್ಡವರೇ ಜಾಸ್ತಿ. ಒಂದು ಊರಿನಲ್ಲಿ ಒಂದೇ ಜಾಗದಲ್ಲಿ ದಿನಾ ಅಷ್ಟೊಂದು ಜನ ಸೇರುವುದು ಇನ್ನೆಲ್ಲಿ ಹೇಳಿ. ಇನ್ನು ಬೆಂಕಿ ಬೀಳುವುದೂ ಅಪರೂಪವೇ, ಆದರೂ ಬೆಂಕಿ ಆರಿಸುವ ಸಿಲಿಂಡರ್ ಇಡುತ್ತೇವೆ, ಅದಕ್ಕೆ ಬೀಗ ಹಾಕುವುದಿಲ್ಲ.

ನನ್ನ ಅನುಭವದಲ್ಲಿ ಶಾಲೆಗಳಲ್ಲಿ ಜಾಸ್ತಿ ಹೊತ್ತು ಹೋಗುವುದು ಗೇಟಿನಲ್ಲಿ. ಒಂದು ಸಲ ನಾವು ಮುಂದಿನ ಗೇಟಿಗೆ ಬಂದೆವು, ಬಿದ್ದವರು ಹಿಂದಿನ ಮೈದಾನದಲ್ಲಿ, ಮಧ್ಯೆ ಗ್ರಿಲ್, ಅದಕ್ಕೂ ಬೀಗ. ದಾರಿ ತೋರಿಸಲು ಒಬ್ಬರೂ ಇರಲಿಲ್ಲ. ಸ್ಟ್ರೆಚರ್ ಎತ್ತಿಕೊಂಡು ಸುತ್ತಿಕೊಂಡು ಹೋದೆವು. ಆವತ್ತಿನದು ಚೆನ್ನಾಗಿ ಮುಗಿಯಲಿಲ್ಲ, ಅದರ ಬಗ್ಗೆ ಜಾಸ್ತಿ ಬರೆಯಲಾರೆ. ದಯವಿಟ್ಟು ನಿಮ್ಮ ಪ್ಲಾನಿನಲ್ಲಿ "ಗೇಟಿಗೆ ಓಡುವವರು ಇವರು" ಅಂತ ಒಂದು ಹೆಸರು ಬರೆಯಿರಿ, ಅವರು ರಜೆ ಇದ್ದರೆ ಯಾರು ಅಂತ ಇನ್ನೊಂದು ಹೆಸರನ್ನೂ ಬರೆಯಿರಿ.

ಮೈದಾನದ ಮೇಷ್ಟ್ರು:

ಲೆಕ್ಕದ ಸರ್ ಕೇಳಿದ್ದು ನ್ಯಾಯವಾದ ಪ್ರಶ್ನೆ. ಡ್ರಿಲ್ ಆದ ಮೇಲೆ ಬೇರೆ ಕಡೆ ಏನು ಮಾಡಿದ್ದಾರೆ ಅಂತ ಕೂತು ಓದಿದೆ. ಅಮೆರಿಕದ ನ್ಯೂಜೆರ್ಸಿಯಲ್ಲಿ 2012ರಲ್ಲಿ ಜಾನೆಟ್ಸ್ ಲಾ ಅನ್ನುವ ಕಾನೂನಿಗೆ ಸಹಿ ಬಿತ್ತು. ಶಾಲೆಯಲ್ಲಿ ಎಇಡಿ ಇರಬೇಕು, ಅದು ಬೀಗ ಇಲ್ಲದ ಜಾಗದಲ್ಲಿ ಇರಬೇಕು, ಎಲ್ಲಿದೆ ಅಂತ ಬೋರ್ಡ್ ಇರಬೇಕು, ಜೊತೆಗೆ ತುರ್ತು ಪ್ಲಾನ್ ಇರಬೇಕು ಅನ್ನುತ್ತದೆ ಆ ಕಾನೂನು. ಆ "ಬೀಗ ಇಲ್ಲದ" ಅನ್ನುವ ಪದವನ್ನು ನಾನು ಎರಡೆರಡು ಸಲ ಓದಿದೆ. ಯಾರಿಗೋ ನಮ್ಮ ಹಾಗೆಯೇ ಆಗಿರಬೇಕು, ಇಲ್ಲದಿದ್ದರೆ ಅದನ್ನು ಕಾನೂನಿನಲ್ಲಿ ಯಾಕೆ ಬರೆಯುತ್ತಿದ್ದರು. 2024ರ ಡಿಸೆಂಬರಿನಲ್ಲಿ ಅಲ್ಲಿನ ಕೇಂದ್ರ ಸರ್ಕಾರವೂ ಹಾರ್ಟ್ಸ್ ಆಕ್ಟ್ ಅಂತ ತಂದಿತು, ಶಾಲೆಗಳಲ್ಲಿ ಎಇಡಿಗೆ, ತರಬೇತಿಗೆ ನೆರವು ಕೊಡುವ ದಾರಿ ಅದು.

ಇಂಗ್ಲೆಂಡಿನ ಕಥೆ ಇನ್ನೂ ಹತ್ತಿರವಾಗಿ ತಟ್ಟಿತು. 2011ರಲ್ಲಿ ಲಿವರ್‌ಪೂಲಿನಲ್ಲಿ 12 ವರ್ಷದ ಹುಡುಗ ಶಾಲೆಯ ಈಜು ಸ್ಪರ್ಧೆಯಲ್ಲಿ ಹೃದಯ ನಿಂತು ತೀರಿಕೊಂಡ. ಅವನ ತಂದೆ ವರ್ಷಗಟ್ಟಲೆ ಬಿಡದೆ ಹೋರಾಡಿದರು. 2022ರಲ್ಲಿ ಸರ್ಕಾರ ಎಲ್ಲ ಸರ್ಕಾರಿ ಶಾಲೆಗಳಿಗೂ ಎಇಡಿ ಕೊಡುತ್ತೇವೆ ಅಂದಿತು, 20,000ಕ್ಕಿಂತ ಜಾಸ್ತಿ ಪೆಟ್ಟಿಗೆಗಳು ಹಂಚಿಹೋದವು. 11 ವರ್ಷ ಬೇಕಾಯಿತು.

ಖರ್ಚಿನ ಬಗ್ಗೆ ಒಂದೇ ಮಾತು. ನಮ್ಮಲ್ಲಿ ಪೆಟ್ಟಿಗೆ ಇತ್ತು. ಖರ್ಚು ಆಗಲೇ ಆಗಿಹೋಗಿತ್ತು. 7 ನಿಮಿಷ ಹೋದದ್ದು ಬೀಗಕ್ಕೆ, ಖಾಲಿ ಸ್ಟಾಫ್ ರೂಮಿಗೆ, ಯಾರು ಏನು ಮಾಡಬೇಕು ಅಂತ ಗೊತ್ತಿಲ್ಲದ್ದಕ್ಕೆ. ಅದನ್ನು ಸರಿ ಮಾಡಲು ದುಡ್ಡು ಬೇಡ.

ಹತ್ತನೇ ಕ್ಲಾಸ್:

ಸರ್ ನಾನು ಸ್ಟೂಡೆಂಟ್, ಇಲ್ಲಿ ಬರೆಯಬಹುದಾ ಗೊತ್ತಿಲ್ಲ. ನಮ್ಮ ಶಾಲೆಯಲ್ಲಿ ಎಇಡಿ ಗೋಡೆ ಮೇಲೆ ಇದೆ, ಆದರೆ ನಮಗೆ "ಅದನ್ನು ಮುಟ್ಟಬೇಡಿ" ಅಂತ ಹೇಳಿದ್ದಾರೆ. ಆಟ ಆಡುವಾಗ ಎಷ್ಟೋ ಸಲ ಹತ್ತಿರದಲ್ಲಿ ಟೀಚರ್ ಇರುವುದಿಲ್ಲ, ನಾವೇ ಇರುತ್ತೇವೆ. ಆಗ ಏನು ಮಾಡಬೇಕು? ತಪ್ಪಾಗಿ ಶಾಕ್ ಕೊಟ್ಟುಬಿಟ್ಟರೆ?

ಆಂಬುಲೆನ್ಸ್ ಡ್ಯೂಟಿ:

ಬರೆದಿದ್ದು ಒಳ್ಳೆಯದಾಯಿತು ಮಗು. ಈ ಪುಟದಲ್ಲಿ ಎಲ್ಲರಿಗಿಂತ ನೀನೇ ಮುಖ್ಯ.

ತಪ್ಪಾಗಿ ಶಾಕ್ ಕೊಡಲು ಆ ಮೆಷಿನ್ ಬಿಡುವುದಿಲ್ಲ. ಆನ್ ಮಾಡಿದ ತಕ್ಷಣ ಅದೇ ಮಾತಾಡುತ್ತದೆ. ಪ್ಯಾಡ್ ಎಲ್ಲಿ ಅಂಟಿಸಬೇಕು ಅಂತ ಪ್ಯಾಡಿನ ಮೇಲೆಯೇ ಚಿತ್ರ ಇರುತ್ತದೆ. ಅದು ಹೃದಯದ ಲಯ ಓದಿ, ಶಾಕ್ ಬೇಕಿದ್ದರೆ ಮಾತ್ರ ಕೊಡುತ್ತದೆ. ಹೃದಯ ಸರಿಯಾಗಿ ಬಡಿಯುತ್ತಿದ್ದರೆ ನೀನು ಬಟನ್ ಒತ್ತಿದರೂ ಶಾಕ್ ಬರುವುದಿಲ್ಲ. ಶಾಕ್ ಕೊಡುವ ಹೊತ್ತಿಗೆ ಯಾರೂ ಅವರನ್ನು ಮುಟ್ಟಿರಬಾರದು, ಅಷ್ಟು ನೋಡಿಕೋ.

ನೀನು ನೆನಪಿಟ್ಟುಕೊಳ್ಳಬೇಕಾದದ್ದು ಇಷ್ಟು. ಯಾರಾದರೂ ಬಿದ್ದರೆ ಭುಜ ತಟ್ಟಿ ಜೋರಾಗಿ ಕೂಗು. ಮಾತಿಲ್ಲ, ಉಸಿರು ಇಲ್ಲ ಅಥವಾ ಉಸಿರು ಸರಿ ಇಲ್ಲ ಅಂದರೆ ಹೃದಯ ನಿಂತಿದೆ ಅಂತಲೇ ತಿಳಿದುಕೋ. ಇಲ್ಲಿ ಜನ ಎರಡು ಕಡೆ ಮೋಸ ಹೋಗುತ್ತಾರೆ. ಒಂದು, ಹೃದಯ ನಿಂತ ಮೇಲೂ ಕೆಲವರು ಬಾಯಿ ತೆರೆದು ಮೀನಿನ ಹಾಗೆ ಅಪರೂಪಕ್ಕೊಮ್ಮೆ ಏದುತ್ತಾರೆ, ಗೊರಕೆ ತರಹ ಸದ್ದು ಬರುತ್ತದೆ, "ಉಸಿರಾಡ್ತಿದ್ದಾನೆ" ಅಂತ ಎಲ್ಲರೂ ಕಾದು ನಿಲ್ಲುತ್ತಾರೆ. ಅದು ಉಸಿರಾಟ ಅಲ್ಲ. ಇನ್ನೊಂದು, ಬಿದ್ದ ತಕ್ಷಣ ಕೈಕಾಲು ಅದುರಬಹುದು, ಫಿಟ್ಸ್ ಅಂದುಕೊಂಡು ಕೈಗೆ ಕಬ್ಬಿಣ ಕೊಡಲು ಹೋಗುತ್ತಾರೆ. ಆಟ ಆಡುತ್ತಾ ದಿಢೀರ್ ಅಂತ ಬಿದ್ದ ಮಗು ಅಂದರೆ ಮೊದಲು ಹೃದಯದ ಕಡೆಗೇ ಯೋಚಿಸಬೇಕು.

ಆಮೇಲೆ ಒಬ್ಬನನ್ನು ಬೆರಳು ತೋರಿಸಿ ಕರೆದು "ನೀನು ಫೋನ್ ಮಾಡು", ಇನ್ನೊಬ್ಬನಿಗೆ "ನೀನು ಎಇಡಿ ತಾ" ಅನ್ನು. "ಯಾರಾದರೂ ಮಾಡಿ" ಅಂದರೆ ಯಾರೂ ಮಾಡುವುದಿಲ್ಲ, ಮೇಷ್ಟ್ರ ಡ್ರಿಲ್‌ನಲ್ಲೇ ನೋಡಿದೆವಲ್ಲ. ಫೋನ್ ಸ್ಪೀಕರಿನಲ್ಲಿ ಇಡು. ಎದೆಯ ಮಧ್ಯದಲ್ಲಿ ಅಂಗೈ ಇಟ್ಟು ಒತ್ತಲು ಶುರು ಮಾಡು, ನಿಮಿಷಕ್ಕೆ 100ರಿಂದ 120 ಸಲ, ಸುಮಾರು 5 ಸೆಂಟಿಮೀಟರ್ ಆಳ. ಪ್ರತಿ ಸಲ ಒತ್ತಿದ ಮೇಲೂ ಎದೆ ಪೂರ್ತಿ ಮೇಲೆ ಬರಲಿ. ತರಬೇತಿ ಇದ್ದರೆ 30 ಸಲ ಒತ್ತಿ 2 ಉಸಿರು ಕೊಡು, ಇಲ್ಲದಿದ್ದರೆ ಬರೀ ಒತ್ತುತ್ತಲೇ ಇರು. ಎರಡು ನಿಮಿಷಕ್ಕೊಮ್ಮೆ ಕೈ ಬದಲಿಸಿ, ಸುಸ್ತಾದ ಕೈ ಆಳಕ್ಕೆ ಒತ್ತುವುದಿಲ್ಲ.

ಎರಡು ಮಕ್ಕಳ ಅಮ್ಮ:

ಮಕ್ಕಳಿಗೆ ಇದನ್ನು ಕಲಿಸಲೇಬೇಕು ಅನ್ನುವುದು ನನ್ನ ಅಭಿಪ್ರಾಯ. ನಾರ್ವೆಯಲ್ಲಿ 1961ರಿಂದಲೇ ಶಾಲೆಯಲ್ಲಿ ಕಲಿಸುತ್ತಿದ್ದಾರೆ, ಡೆನ್ಮಾರ್ಕಿನಲ್ಲಿ 2005ರಲ್ಲಿ ಕಡ್ಡಾಯ ಮಾಡಿದರು. ಯೂರೋ ಕಪ್‌ನಲ್ಲಿ ಡೆನ್ಮಾರ್ಕಿನ ಫುಟ್‌ಬಾಲ್ ಆಟಗಾರ ಕ್ರಿಶ್ಚಿಯನ್ ಎರಿಕ್ಸನ್ ಬಿದ್ದದ್ದು ಎಲ್ಲರೂ ಟಿವಿಯಲ್ಲಿ ನೋಡಿದೆವು, 2021ರ ಜೂನ್ 12, ಕೋಪನ್‌ಹೇಗನ್. ಮೈದಾನದಲ್ಲೇ ಸಿಪಿಆರ್, ಮೈದಾನದಲ್ಲೇ ಶಾಕ್. ಅವರ ತಂಡದವರು ಸುತ್ತ ಗೋಡೆಯ ಹಾಗೆ ನಿಂತು ಮರೆ ಮಾಡಿದ್ದರು. ನನ್ನ ಮಗಳು ನನ್ನ ಪಕ್ಕ ಕೂತು ನೋಡುತ್ತಿದ್ದಳು, ನನ್ನ ಕೈ ಹಿಡಿದುಕೊಂಡುಬಿಟ್ಟಳು. ಮುಂದಿನ ವರ್ಷ ಅವರು ಮತ್ತೆ ವಿಶ್ವಕಪ್ ಆಡಿದಾಗ ಇವಳು ಕುಣಿದಾಡಿದಳು. ಎದೆಯೊಳಗೆ ಐಸಿಡಿ ಅನ್ನುವ, ಲಯ ತಪ್ಪಿದರೆ ತಾನೇ ಶಾಕ್ ಕೊಡುವ ಚಿಕ್ಕ ಮೆಷಿನ್ ಇಟ್ಟುಕೊಂಡೇ ಆಡಿದರು ಅವರು.

ನಾವು ಮನೆಯಲ್ಲಿ ಮಾಡಿದ ಒಂದು ಕೆಲಸ ಹೇಳುತ್ತೇನೆ, ಬೇರೆಯವರಿಗೂ ಉಪಯೋಗ ಆಗಬಹುದು. ಮಗಳ ತೊಂದರೆ ಬಗ್ಗೆ ಒಂದೇ ಪುಟ ಬರೆದೆವು: ಏನು ಆಗಬಹುದು, ಆದರೆ ಏನು ಮಾಡಬೇಕು, ಯಾವ ಮಾತ್ರೆ ಕೊಡಬಾರದು, ಯಾರಿಗೆ ಫೋನ್. ಪ್ರತಿ ವರ್ಷ ಮೊದಲ ವಾರದಲ್ಲೇ ನಾನೇ ಹೋಗಿ ಕ್ಲಾಸ್ ಟೀಚರ್, ಪಿಟಿ ಟೀಚರ್, ಬಸ್ಸಿನವರು, ಈಜು ಕಲಿಸುವವರು, ಎಲ್ಲರ ಕೈಗೂ ಕೊಟ್ಟು ಎದುರಿಗೆ ಕೂತು ಓದಿಸುತ್ತೇನೆ. ಟೂರಿಗೆ ಹೋಗುವಾಗ ಇನ್ನೊಮ್ಮೆ. ಕೆಲವರಿಗೆ ಕಿರಿಕಿರಿ ಆಗುತ್ತದೆ, ಆಗಲಿ.

ಕ್ಲಾಸ್ ಟೀಚರ್:

ನಾನು ಪ್ರೈಮರಿ ಕ್ಲಾಸ್ ಟೀಚರ್. ಒಂದು ಅನುಮಾನ. ಚಿಕ್ಕ ಮಕ್ಕಳಿಗೆ ದೊಡ್ಡವರ ಪ್ಯಾಡ್ ಹಾಕಬಹುದಾ? ನಮ್ಮ ಪೆಟ್ಟಿಗೆಯಲ್ಲಿ ಒಂದೇ ಜೊತೆ ಇದೆ. ಇನ್ನೊಂದು, ನನಗೆ ನಿಜವಾಗಿಯೂ ಭಯ ಇದೆ. ಒತ್ತುವಾಗ ಮಗುವಿನ ಪಕ್ಕೆಲುಬು ಮುರಿದರೆ ಅಪ್ಪ ಅಮ್ಮ ಏನು ಹೇಳುತ್ತಾರೆ?

ಆಂಬುಲೆನ್ಸ್ ಡ್ಯೂಟಿ:

ಮೇಡಂ, 8 ವರ್ಷಕ್ಕಿಂತ ಚಿಕ್ಕವರಿಗೆ ಮಕ್ಕಳ ಪ್ಯಾಡ್ ಇದ್ದರೆ ಅದೇ ಹಾಕಿ, ಕೆಲವು ಮೆಷಿನ್‌ಗಳಲ್ಲಿ ಮಕ್ಕಳಿಗೆ ಅಂತ ಒಂದು ಸ್ವಿಚ್ ಇರುತ್ತದೆ. ಇಲ್ಲದಿದ್ದರೆ ದೊಡ್ಡವರದ್ದೇ ಹಾಕಿ, ಕಾಯಬೇಡಿ. ಚಿಕ್ಕ ಎದೆಯಾದರೆ ಒಂದನ್ನು ಎದೆಯ ಮೇಲೆ, ಇನ್ನೊಂದನ್ನು ಬೆನ್ನಿನ ಮೇಲೆ ಅಂಟಿಸಿ, ಎರಡೂ ಪ್ಯಾಡ್ ಒಂದಕ್ಕೊಂದು ತಾಗಬಾರದು. ಎದೆ ಒದ್ದೆ ಇದ್ದರೆ ಒರೆಸಿ. ಈಜುಕೊಳದಲ್ಲಾದರೆ ನೀರಿನಿಂದ ಆಚೆ ತಂದು ಒರೆಸಿ ಹಾಕಿ, ಅದಕ್ಕೇ ಪೆಟ್ಟಿಗೆಯ ಜೊತೆ ಒಂದು ಟವೆಲ್, ಬಟ್ಟೆ ಕತ್ತರಿಸುವ ಕತ್ತರಿ, ದೊಡ್ಡವರ ಎದೆಯ ಕೂದಲು ತೆಗೆಯಲು ಒಂದು ರೇಜರ್ ಇಟ್ಟಿರಬೇಕು. ಒತ್ತುವ ಆಳ ಚಿಕ್ಕ ಮಕ್ಕಳಿಗೆ ಎದೆಯ ದಪ್ಪದ ಮೂರನೇ ಒಂದು ಭಾಗ, ತೀರಾ ಪುಟ್ಟವರಿಗೆ ಒಂದೇ ಅಂಗೈ ಸಾಕು. ಮಕ್ಕಳಲ್ಲಿ, ಅದರಲ್ಲೂ ನೀರಿಗೆ ಬಿದ್ದವರಿಗೆ, ಗಂಟಲಿಗೆ ಏನಾದರೂ ಸಿಕ್ಕಿಕೊಂಡವರಿಗೆ, ಬಾಯಿಂದ ಉಸಿರು ಕೊಡುವುದೂ ತುಂಬ ಮುಖ್ಯ, ಹಾಗಾಗಿ ಟೀಚರುಗಳು ಅದನ್ನೂ ಕಲಿತಿರಬೇಕು.

ಪಕ್ಕೆಲುಬಿನ ಭಯ ನನಗೆ ಅರ್ಥ ಆಗುತ್ತದೆ. ದೊಡ್ಡವರಲ್ಲಿ ಮುರಿಯುವುದುಂಟು, ಮಕ್ಕಳ ಮೂಳೆ ಬಾಗುತ್ತದೆ, ಅಷ್ಟು ಸುಲಭಕ್ಕೆ ಮುರಿಯುವುದಿಲ್ಲ. ಮುರಿದರೂ ಕೂಡುತ್ತದೆ. ನಾನು ಎಷ್ಟೋ ಅಪ್ಪ ಅಮ್ಮಂದಿರನ್ನು ಆ ಹೊತ್ತಿನಲ್ಲಿ ನೋಡಿದ್ದೇನೆ ಮೇಡಂ. ಯಾಕೆ ಜೋರಾಗಿ ಒತ್ತಿದಿರಿ ಅಂತ ಇವತ್ತಿನವರೆಗೂ ಒಬ್ಬರೂ ಕೇಳಿಲ್ಲ.

ಲೆಕ್ಕ ಕೇಳುವವನು:

ಇದೆಲ್ಲ ಬಿದ್ದ ಮೇಲಿನದ್ದು. ಬೀಳುವ ಮುಂಚೆಯೇ ಎಲ್ಲ ಮಕ್ಕಳಿಗೂ ಇಸಿಜಿ ಮಾಡಿಸಿಬಿಟ್ಟರೆ ಆಗುವುದಿಲ್ವಾ? ಅದಾದರೂ ಒಂದು ಸಲದ ಖರ್ಚು.

ಮೈದಾನದ ಮೇಷ್ಟ್ರು:

ಇದನ್ನೂ ಓದಿದೆ ಸರ್. ಇಟಲಿಯಲ್ಲಿ 1982ರಿಂದ ಸ್ಪರ್ಧೆಗೆ ಇಳಿಯುವ ಆಟಗಾರರಿಗೆಲ್ಲ ಇಸಿಜಿ ಸೇರಿಸಿ ತಪಾಸಣೆ ಕಡ್ಡಾಯ. ಉಪಯೋಗ ಇದೆ ಅನ್ನುವವರೂ ಇದ್ದಾರೆ, ಎಲ್ಲ ಕಡೆಗೂ ಹೊಂದುವುದಿಲ್ಲ ಅನ್ನುವವರೂ ಇದ್ದಾರೆ. ಏನೂ ಇಲ್ಲದ ಮಗುವಿಗೆ ಏನೋ ಇದೆ ಅಂತ ಬರಬಹುದು, ಇರುವ ಮಗುವಿಗೆ ಸರಿ ಇದೆ ಅಂತಲೂ ಬರಬಹುದು. ಹೃದಯದ ಸ್ನಾಯು ದಪ್ಪವಾಗುವ ಕಾಯಿಲೆ ಸುಮಾರು 500 ಜನರಲ್ಲಿ ಒಬ್ಬರಿಗೆ ಇರುತ್ತದೆ ಅನ್ನುತ್ತಾರೆ, ಅದು ಬೆಳೆಯುವ ವಯಸ್ಸಿನಲ್ಲಿ ನಿಧಾನಕ್ಕೆ ಕಾಣಿಸಿಕೊಳ್ಳುವುದೂ ಉಂಟು. ಇವತ್ತು ಸರಿ ಇದ್ದದ್ದು ಮೂರು ವರ್ಷದ ಮೇಲೆ ಸರಿ ಇರಬೇಕು ಅಂತಿಲ್ಲ. ವೈರಸ್ ಜ್ವರ ಬಂದು ಹೃದಯದ ಸ್ನಾಯು ಊದಿಕೊಳ್ಳುವುದೂ ಇದೆ, ಅದನ್ನು ಹೋದ ವರ್ಷದ ಇಸಿಜಿ ಹೇಗೆ ಹೇಳುತ್ತದೆ.

ನನ್ನನ್ನು ಬೆಚ್ಚಿಬೀಳಿಸಿದ್ದು ಇನ್ನೊಂದು. ಕಮೋಷಿಯೊ ಕಾರ್ಡಿಸ್ ಅಂತಾರೆ. ಪೂರ್ತಿ ಆರೋಗ್ಯವಾಗಿರುವ ಹೃದಯ. ಎದೆಗೆ ಚೆಂಡು ಬಡಿಯುತ್ತದೆ, ಅದೂ ಬಡಿತದ ಒಂದು ನಿರ್ದಿಷ್ಟ ಕ್ಷಣದಲ್ಲಿ, ಸೆಕೆಂಡಿನ ಐವತ್ತನೇ ಒಂದು ಭಾಗದಷ್ಟು ಸಣ್ಣ ಹೊತ್ತು ಅದು. ಹೃದಯ ಅದುರಲು ಶುರುವಾಗುತ್ತದೆ. ಮೂಳೆ ಮುರಿದಿರುವುದಿಲ್ಲ, ರಕ್ತ ಇಲ್ಲ, ಏನೂ ಇಲ್ಲ. 2023ರ ಜನವರಿ 2ರಂದು ಅಮೆರಿಕನ್ ಫುಟ್‌ಬಾಲ್ ಆಟಗಾರ ಡಮಾರ್ ಹ್ಯಾಮ್ಲಿನ್ ಬಿದ್ದದ್ದು ಹೀಗೆಯೇ, ಅವರ ಎದೆಗೆ ಬಡಿದದ್ದು ಮಾತ್ರ ಚೆಂಡಲ್ಲ, ಎದುರಾಳಿ ಆಟಗಾರ. ಅವರನ್ನು ಉಳಿಸಿದ್ದು ಪಕ್ಕದಲ್ಲೇ ತಯಾರಾಗಿ ನಿಂತಿದ್ದ ಜನ, ಆ ತಂಡ ಆ ಅಭ್ಯಾಸವನ್ನು ಮೊದಲೇ ಮಾಡಿಟ್ಟುಕೊಂಡಿತ್ತು. ಈ ತೊಂದರೆಯನ್ನು ಯಾವ ತಪಾಸಣೆಯೂ ಮುಂಚೆ ಹಿಡಿಯಲಾರದು. ನನ್ನ ಮೈದಾನದಲ್ಲಿ ದಿನಾ ಚೆಂಡು ಹಾರುತ್ತದೆ ಸರ್. ತಪಾಸಣೆ ಮಾಡಿಸಿ, ಬೇಡ ಅನ್ನುವುದಿಲ್ಲ, ಆದರೆ ಪ್ಲಾನ್ ಬಿಟ್ಟು ತಪಾಸಣೆ ಅನ್ನಬೇಡಿ.

ಕಚೇರಿ ಕೆಲಸ:

ನಾನು ಒಂದು ಶಾಲೆಯ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ಬೀಗದ ಕೈ ಇಟ್ಟುಕೊಳ್ಳುವವರಲ್ಲಿ ನಾನೂ ಒಬ್ಬಳು. ನಮ್ಮ ಕಡೆಯಿಂದ ಒಂದು ಮಾತು ಹೇಳಲೇಬೇಕು. ನಾವು ಬೀಗ ಹಾಕುವುದು ಯಾರ ಮೇಲಿನ ಸಿಟ್ಟಿಗೂ ಅಲ್ಲ. ಪೆಟ್ಟಿಗೆ ಕಳೆದರೆ, ಮಕ್ಕಳು ಆಡಿ ಹಾಳು ಮಾಡಿದರೆ, ಕೇಳುವುದು ನಮ್ಮನ್ನು. ಅದಕ್ಕೆ ಭಯಪಟ್ಟು ಒಳಗೆ ಇಡುತ್ತೇವೆ. ಮೇಲಿನವರು "ಹೊರಗಿಡಿ, ಹೋದರೆ ನಾವು ನೋಡಿಕೊಳ್ಳುತ್ತೇವೆ" ಅಂತ ಬರೆದು ಕೊಟ್ಟರೆ ಇವತ್ತೇ ಹೊರಗಿಡುತ್ತೇನೆ. ನಮ್ಮಲ್ಲಿ ಹಾಗೆ ಬರೆಸಿಕೊಂಡೆ. ಈಗ ಮೈದಾನಕ್ಕೆ ಹೋಗುವ ಬಾಗಿಲಿನ ಪಕ್ಕದ ಗೋಡೆಯಲ್ಲಿ ಇದೆ, ತೆಗೆದರೆ ಜೋರಾಗಿ ಅಲಾರಂ ಹೊಡೆಯುವ ಡಬ್ಬಿಯಲ್ಲಿ. ಕಳ್ಳತನದ ಭಯಕ್ಕೆ ಅಷ್ಟು ಸಾಕು, ಯಾರೋ ಬಿದ್ದಿದ್ದಾರೆ ಅಂತ ಎಲ್ಲರಿಗೂ ಗೊತ್ತಾಗಲೂ ಅದೇ ಸಾಕು.

ಇನ್ನೊಂದು, ಯಾರೂ ಇದನ್ನು ಇಲ್ಲಿ ಹೇಳಿಲ್ಲ. ಪೆಟ್ಟಿಗೆ ಹೊರಗಿದ್ದರೆ ಸಾಲದು, ಜೀವಂತ ಇರಬೇಕು. ಪ್ಯಾಡಿಗೆ ಎಕ್ಸ್‌ಪೈರಿ ಇದೆ, ಒಳಗಿನ ಜೆಲ್ ಒಣಗಿಬಿಡುತ್ತದೆ. ಬ್ಯಾಟರಿಗೂ ಆಯಸ್ಸು ಇದೆ. ನಾನು ಈ ಕೆಲಸಕ್ಕೆ ಬಂದ ಹೊಸದರಲ್ಲಿ ಪೆಟ್ಟಿಗೆ ತೆರೆದು ನೋಡಿದೆ, ಪ್ಯಾಡಿನ ದಿನಾಂಕ ಮುಗಿದು ಎರಡು ವರ್ಷ ಆಗಿತ್ತು. ಈಗ ಪ್ರತಿ ತಿಂಗಳ ಒಂದನೇ ತಾರೀಖು ಹಸಿರು ದೀಪ ಇದೆಯಾ, ದಿನಾಂಕ ಏನು ಅಂತ ನೋಡಿ ಡಬ್ಬಿಗೆ ಅಂಟಿಸಿದ ಚೀಟಿಯಲ್ಲಿ ಸಹಿ ಹಾಕುತ್ತೇನೆ. ಎರಡು ನಿಮಿಷದ ಕೆಲಸ.

ಆಂಬುಲೆನ್ಸ್ ಡ್ಯೂಟಿ:

ಅಕ್ಕ, ನಿಮ್ಮಂಥವರು ಪ್ರತಿ ಶಾಲೆಯಲ್ಲೂ ಒಬ್ಬರು ಇರಲಿ. ಸಂಜೆಯ ಬಗ್ಗೆಯೂ ಯೋಚಿಸಿ. ಆಟದ ಪಂದ್ಯ, ನಾಟಕ, ಪೋಷಕರ ಸಭೆ, ಎಲ್ಲ ನಡೆಯುವುದು ಆಫೀಸ್ ಮುಚ್ಚಿದ ಮೇಲೆ. ಆಗ ಆ ಬಾಗಿಲು ತೆರೆದಿರುತ್ತದಾ?

ಕಚೇರಿ ಕೆಲಸ:

ಭಾನುವಾರ ಮೈದಾನ ಬಾಡಿಗೆಗೆ ಕೊಡುತ್ತೇವೆ. ಆಗ ಒಳಗಿನ ಬಾಗಿಲು ಹಾಕಿರುತ್ತದೆ. ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ನಾಳೆಯೇ ಕೇಳುತ್ತೇನೆ.

ಒಬ್ಬ ಹಳೆಯ ಕೋಚ್:

ಇಷ್ಟು ಹೊತ್ತು ಬರೀ ಓದುತ್ತಿದ್ದೆ. ನನ್ನ ಕಣ್ಣೆದುರು ಒಬ್ಬಳು ಹುಡುಗಿ ಬಿದ್ದಿದ್ದಳು, ತುಂಬ ವರ್ಷದ ಹಿಂದೆ. ನಮ್ಮ ಹತ್ತಿರ ಮೆಷಿನ್ ಇರಲಿಲ್ಲ, ಪ್ಲಾನ್ ಅನ್ನುವ ಪದವೇ ಗೊತ್ತಿರಲಿಲ್ಲ. ಮುಖಕ್ಕೆ ನೀರು ಚಿಮುಕಿಸಿದೆವು. ಕಾಲು ಎತ್ತಿ ಹಿಡಿದೆವು. ಗಾಳಿ ಬಿಡಿ ಗಾಳಿ ಬಿಡಿ ಅಂತ ಕೂಗಿದೆವು. ಅವಳು ಏದುತ್ತಿದ್ದಳು, ಉಸಿರಿದೆ ಅಂದುಕೊಂಡೆವು. ಮೇಲೆ ಆ ಮೀನಿನ ಮಾತು ಓದಿ ಈವತ್ತು ನನಗೆ ಗೊತ್ತಾಯಿತು ಅದು ಏನು ಅಂತ.

ಅವಳು ಉಳಿಯಲಿಲ್ಲ. ನೋಡಿದ ಮಕ್ಕಳ ಜೊತೆ ಆಮೇಲೆ ಯಾರೂ ಕೂತು ಮಾತಾಡಲಿಲ್ಲ. ಸೋಮವಾರ ಕ್ಲಾಸ್ ಶುರುವಾಯಿತು, ಅವಳ ಬೆಂಚು ತೆಗೆದಿದ್ದರು. ಪ್ಲಾನ್ ಬರೆಯುವವರು ಕೊನೆಯ ಒಂದು ಪುಟ ಅದಕ್ಕೂ ಬರೆಯಿರಿ. ಉಳಿದರೂ ಉಳಿಯದಿದ್ದರೂ, ಎದೆ ಒತ್ತಿದವರ ಜೊತೆ, ಓಡಿದ ಹುಡುಗನ ಜೊತೆ, ನೋಡಿದವರ ಜೊತೆ ಯಾರು ಕೂರುತ್ತಾರೆ ಅಂತ.

ಎರಡು ಮಕ್ಕಳ ಅಮ್ಮ:

ಸರ್, ನಿಮಗೆ ಗೊತ್ತಿರಲಿಲ್ಲ. ಆಗ ಯಾರಿಗೂ ಗೊತ್ತಿರಲಿಲ್ಲ. ನೀವು ಇದನ್ನು ಬರೆದದ್ದಕ್ಕೆ ತಾಯಿಯಾಗಿ ನಿಮಗೆ ನಮಸ್ಕಾರ.

ಮೈದಾನದ ಮೇಷ್ಟ್ರು:

ಕೋಚ್ ಸರ್, ನಿಮ್ಮ ಮಾತು ಮೊನ್ನೆಯ ನಮ್ಮ ಮೀಟಿಂಗಿನಲ್ಲಿ ಓದಿದೆ. ಯಾರೂ ಮಾತಾಡಲಿಲ್ಲ ಸ್ವಲ್ಪ ಹೊತ್ತು. ಆಮೇಲೆ ಹೆಡ್‌ಮಾಸ್ಟರ್ ತಾವೇ ಎದ್ದು ಹೋಗಿ ಬೀರುವಿನಿಂದ ಪೆಟ್ಟಿಗೆ ತಂದು ಮೇಜಿನ ಮೇಲಿಟ್ಟರು.

ಮೂರು ವಾರ ಬಿಟ್ಟು ಬರೆಯುತ್ತೇನೆ ಅಂದುಕೊಂಡಿದ್ದೆ, ಆದರೆ ಎರಡನೇ ಡ್ರಿಲ್ ನಿನ್ನೆಯೇ ಮಾಡಿದೆವು. ಈ ಸಲ ಐದು ಜನರ ತಂಡ, ಅದರಲ್ಲಿ ಬಸ್ಸಿನ ಡ್ರೈವರ್ ಅಣ್ಣ ಒಬ್ಬರು, ಅಡುಗೆ ಮನೆಯವರು ಒಬ್ಬರು. ಪೆಟ್ಟಿಗೆ ಮೈದಾನದ ಕಡೆಯ ಹೊರಗೋಡೆಯಲ್ಲಿ. ಮೈಕಿನಲ್ಲಿ ಒಂದೇ ವಾಕ್ಯ: "ಹೃದಯ ತುರ್ತು, ಮೈದಾನ, ಗೋಲ್ ಹಿಂದೆ." ಬೇರೆ ಕ್ಲಾಸಿನ ಮಕ್ಕಳು ಒಳಗೇ ಇರಬೇಕು, ದಾರಿ ಖಾಲಿ ಬಿಡಬೇಕು ಅಂತ ಮುಂಚೆಯೇ ಹೇಳಿತ್ತು. ಹೋದ ಸಲ ಅಳು ಮುಖದಲ್ಲಿ ಬಂದಿದ್ದ ಹುಡುಗನೇ ಈ ಸಲವೂ ಓಡಿದ, ಅವನೇ ಕೇಳಿಕೊಂಡ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಹೇಳುವ ಗುರಿ 3 ನಿಮಿಷ, ಬಿದ್ದಾಗಿನಿಂದ ಶಾಕ್ ತನಕ. ನಮಗೆ 2 ನಿಮಿಷ 35 ಸೆಕೆಂಡ್ ಆಯಿತು.

ಆಮೇಲೆ ಅದೇ ಗೊಂಬೆಯನ್ನು ಈಜುಕೊಳದ ಹತ್ತಿರ ಮಲಗಿಸಿ ಇನ್ನೊಮ್ಮೆ ಓಡಿದೆವು. ಅಲ್ಲಿ 4 ನಿಮಿಷ 50 ಸೆಕೆಂಡ್. ಎಷ್ಟು ಜೋರಾಗಿ ಓಡಿದರೂ ಅಷ್ಟೇ, ದೂರ ಇದೆ. ಅಲ್ಲಿಗೆ ಇನ್ನೊಂದು ಪೆಟ್ಟಿಗೆ ಬೇಕೇ ಬೇಕು. ಲೆಕ್ಕದ ಸರ್, ನಾನು ಅರ್ಜಿ ಬರೆಯುತ್ತಿದ್ದೇನೆ, ನಿಮ್ಮ ಮಂಡಳಿಯಲ್ಲಿ ಯಾವ್ಯಾವ ಪ್ರಶ್ನೆ ಬರುತ್ತದೆ ಅಂತ ಮುಂಚೆಯೇ ಹೇಳಿದರೆ ಉತ್ತರ ಅದರಲ್ಲೇ ಸೇರಿಸುತ್ತೇನೆ.

ಲೆಕ್ಕ ಕೇಳುವವನು:

ಮೇಷ್ಟ್ರೇ, ಪ್ರಶ್ನೆ ಬೇಡ. ಎರಡೂ ಸಲದ ಸಮಯ ಮೊದಲ ಸಾಲಿನಲ್ಲೇ ಬರೆಯಿರಿ, ಸೆಕೆಂಡ್ ಸಮೇತ. ನಮ್ಮ ಶಾಲೆಯಲ್ಲಿ ಸೋಮವಾರ ನಾನೇ ಸ್ಟಾಪ್‌ವಾಚ್ ಹಿಡಿಯುತ್ತೇನೆ. ಪೆಟ್ಟಿಗೆ ಎಲ್ಲಿದೆ ಅಂತ ಇವತ್ತು ವಿಚಾರಿಸಿದೆ, ಮೂರು ಜನ ಮೂರು ಜಾಗ ಹೇಳಿದರು.